ಕೆಂಪಾಗದ ಕೆನ್ನೆ

1979ನೇ ಇಸವಿ. ನಾನಾಗ ಬೆಂಗಳೂರಿನ ಹಳೆ ಪೇಟೆಯ ಅಂಚಿನಲ್ಲಿದ್ದ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೆ. ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಪಾಠ, ಸಂಜೆ ಬಸವನಗುಡಿಯ ನಮ್ಮ ಮನೆಯ ಮುಂಭಾಗದ ಕೋಣೆಯಲ್ಲಿ ಒಂದು ಸಣ್ಣ ಕ್ಲಿನಿಕ್. ನನಗೆ ಸಿಡುಕು ಡಾಕ್ಟರಮ್ಮ ಎಂದು ಹೆಸರು ಬಂದಿತ್ತು. ಸುಳ್ಳೇನಲ್ಲ. ಜನ ಮೈಮೇಲೆ ಏನೇ ಎದ್ದರೂ ನಂಜು ಎಂದು ಹೆಸರಿಟ್ಟು, ಕಂಡಕಂಡ ಮುಲಾಮನ್ನೆಲ್ಲ ಬಳಿದುಕೊಂಡು, ಪೂರ್ತಿ ಕೆಟ್ಟ ಮೇಲೆ ನನ್ನ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಸಿಡುಕದೆ ಇನ್ನೇನು ಮಾಡಲಿ? ಆದರೆ ಆ ವರ್ಷ ಬಂದ ಒಬ್ಬಳ ಮುಂದೆ ನನ್ನ ಸಿಡುಕು ನಡೆಯಲಿಲ್ಲ. ಅವಳ ಹೆಸರು ರತ್ನ.

ಮೊದಲು ಅವಳ ಕಾಯಿಲೆಯ ಬಗ್ಗೆ ಎರಡು ಮಾತು ಹೇಳಬೇಕು. ಲೂಪಸ್ ಎಂದರೆ, ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಚರ್ಮ, ಕೀಲು, ಕಿಡ್ನಿ ಎಲ್ಲವನ್ನೂ ಹೊಡೆಯುವ ರೋಗ. ಅಂಟುವಂಥದ್ದಲ್ಲ. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೇ ಬರುತ್ತದೆ. ಬಿಸಿಲು ಬಿದ್ದರೆ ಕೆರಳುತ್ತದೆ, ಕಿಡ್ನಿಗೆ ಇಳಿದರೆ ಜೀವಕ್ಕೇ ಸಂಚಕಾರ. ನಾವು ಪಾಠ ಮಾಡುತ್ತಿದ್ದುದು ಇಂಗ್ಲೆಂಡಿನಿಂದ ಬಂದ ದಪ್ಪ ಪುಸ್ತಕವೊಂದರಿಂದ. ಅದರಲ್ಲಿ ಲೂಪಸ್ಸಿಗೆ ಇದ್ದದ್ದು ಒಂದೇ ಒಂದು ಬಣ್ಣದ ಚಿತ್ರ. ಒಬ್ಬ ಬಿಳಿಯ ಹೆಂಗಸು, ಅವಳ ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಹರಡಿದ ಕೆಂಪು. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ "ಚಿಟ್ಟೆಯಾಕಾರದ ಕೆಂಪು ದದ್ದು" ಎಂದು ಬರೆದರೆ ಪೂರ್ತಿ ಅಂಕ. ನಮ್ಮ ಓಪಿಡಿಯ ಸಾಲಿನಲ್ಲಿ ನಿಂತವರಲ್ಲಿ ಕೆನ್ನೆ ಕೆಂಪಾಗುವ ಬಣ್ಣದವರು ಎಷ್ಟು ಜನ ಇದ್ದಾರು ಎಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ವಿಭಾಗದ ಹೊರಗೆ ಎರಡು ಬೆಂಚುಗಳಿದ್ದವು. ಒಂದರಲ್ಲಿ ಎಲ್ಲರೂ ಕೂರುತ್ತಿದ್ದರು, ಇನ್ನೊಂದರಲ್ಲಿ ಕುಷ್ಠರೋಗದವರು. ಹಾಗೆಂದು ಆಸ್ಪತ್ರೆಯವರು ಬೋರ್ಡು ಹಾಕಿರಲಿಲ್ಲ, ಜನರೇ ಮಾಡಿಕೊಂಡ ಏರ್ಪಾಡು. ಆ ಬೇಸಿಗೆಯ ಒಂದು ಬೆಳಿಗ್ಗೆ ಎರಡನೇ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಮುಖದ ತುಂಬ ಸೆರಗು ಎಳೆದುಕೊಂಡು ಕೂತಿದ್ದಳು. ಪಕ್ಕದಲ್ಲಿ ತಾಯಿ. ಒಳಗೆ ಕರೆದಾಗ ತಾಯಿಯೇ ಮಾತಾಡಿದಳು.

"ನನ್ನೆಸ್ರು ಗೌರಮ್ಮ. ಚಾಮರಾಜಪೇಟೇಲಿ ಸೊಪ್ಪು ಮಾರ್ತೀನಿ. ಇವ್ಳು ರತ್ನ, ನನ್ ಮಗಳು. ಇವ್ಳಿಗೆ ದೊಡ್ರೋಗ ಅಂದ್ರು ಡಾಕ್ಟ್ರಮ್ಮ."

ದೊಡ್ಡರೋಗ ಎಂದರೆ ಕುಷ್ಠ. ಆ ಹೆಸರನ್ನು ಬಾಯಿಬಿಟ್ಟು ಹೇಳುವವರು ಆಗ ಕಡಿಮೆ. ಕಾಟನ್‌ಪೇಟೆಯಲ್ಲಿ ಯಾರೋ ಒಬ್ಬ ಖಾಸಗಿ ವೈದ್ಯರು ಹುಡುಗಿಯ ಮುಖದ ಮಚ್ಚೆ ನೋಡಿ ಹಾಗೆಂದು ಹೇಳಿ, ಅದಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆ ಬರೆದುಕೊಟ್ಟಿದ್ದರು. ಅಲ್ಲಿಯವರೆಗೆ ರತ್ನ ಬೆಳಗಿನಿಂದ ಮಧ್ಯಾಹ್ನದವರೆಗೆ ಅಮ್ಮನ ಜೊತೆ ರಸ್ತೆ ಬದಿಯಲ್ಲಿ ಸೊಪ್ಪಿನ ರಾಶಿ ಮುಂದೆ ಕೂರುತ್ತಿದ್ದವಳು. ಅವತ್ತಿನಿಂದ ಅವಳನ್ನು ಹಿಂದಿನ ಕೋಣೆಗೆ ಹಾಕಿದ್ದರು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಗಂಡ ಬಿಟ್ಟುಹೋದ ಮೇಲೆ ಸೊಪ್ಪು ಮಾರಿಯೇ ಮಗಳನ್ನು ಸಾಕಿದ ಗೌರಮ್ಮ, ಆ ತಟ್ಟೆಯನ್ನು ಬಾಗಿಲ ಹೊರಗಿಂದಲೇ ಒಳಗೆ ಸರಿಸುತ್ತಿದ್ದಳಂತೆ. ಅದನ್ನು ಹೇಳುವಾಗ ಅವಳು ಮಗಳ ಕಡೆ ನೋಡಲಿಲ್ಲ.

"ಮಾತ್ರೆ ತಗೊಂಡ್ಮೇಲೆ ಸ್ವಲ್ಪ ಕಮ್ಮಿ ಆಗದೆ ಡಾಕ್ಟ್ರಮ್ಮ. ಅಂಗಾರೆ ಅದೇ ರೋಗ ಇರ್ಬೇಕಲ್ವಾ?"

ಸೆರಗು ಸರಿಸಿ ನೋಡಿದೆ. ಹತ್ತೊಂಬತ್ತರ ಹುಡುಗಿ. ಒಳ್ಳೆ ಎಣ್ಣೆಗಪ್ಪು ಮೈಬಣ್ಣ, ಚೂಪು ಗದ್ದ, ದೊಡ್ಡ ಕಣ್ಣು. ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ಮೈಬಣ್ಣಕ್ಕಿಂತ ಇನ್ನೂ ಕಪ್ಪಾದ, ಸ್ವಲ್ಪ ದಪ್ಪಗಾದ ಛಾಯೆ. ಕಿವಿಯ ಬಳಿ ಮತ್ತು ತುಟಿಯ ಮೇಲೆ ಎರಡು ಮೂರು ಮಚ್ಚೆ: ನಡುವೆ ಬಿಳಿಚಿಕೊಂಡು, ಸುತ್ತ ಕಾಡಿಗೆ ಎಳೆದ ಹಾಗೆ ಕಪ್ಪು ಅಂಚು. ಕೆಂಪು ಎಲ್ಲೂ ಇಲ್ಲ. ಆದರೆ ಮೂಗಿನಿಂದ ಬಾಯಿಯ ತುದಿಗೆ ಇಳಿಯುವ ಗೆರೆಯಿದೆಯಲ್ಲ, ಅಲ್ಲಿಗೆ ಬಂದು ಆ ಕಪ್ಪು ನಿಂತಿತ್ತು. ಗೆರೆಯ ಒಳಗೆ ಚರ್ಮ ತಿಳಿಯಾಗಿತ್ತು; ಲೂಪಸ್ ಸಾಮಾನ್ಯವಾಗಿ ಆ ಗೆರೆ ದಾಟುವುದಿಲ್ಲ. ಚಿಟ್ಟೆಯ ಆಕಾರ ಇತ್ತು, ಬಣ್ಣ ಮಾತ್ರ ಪುಸ್ತಕದ್ದಲ್ಲ.

ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಸತ್ತಿರುತ್ತದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಮುಟ್ಟಿಸಿದೆ, ಸೂಜಿಯ ಮೊನೆ ತಾಗಿಸಿದೆ, ಬಿಸಿನೀರು ತಣ್ಣೀರಿನ ಗಾಜಿನ ನಳಿಕೆ ಇಟ್ಟೆ. ಒಂದೂ ತಪ್ಪದೆ ಹೇಳಿದಳು. ನರಗಳು ದಪ್ಪವಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಿಸೋಕಾಗಲ್ಲ ಅಂದಳು. ಆಗಾಗ ಜ್ವರ, ಬಾಯಲ್ಲಿ ಹುಣ್ಣು, ಬಾಚಿದರೆ ಕೂದಲು ಕಿತ್ತು ಬರುತ್ತದೆ.

"ಮುಖ ಯಾವಾಗ ಜಾಸ್ತಿಯಾಗೋದು?" ಎಂದೆ.

"ಸೊಪ್ಪಿನ್ ಹತ್ರ ಕೂತಾಗ ಮೇಡಂ. ರೂಮಲ್ ಕೂತ್ಮೇಲೆ ಕಮ್ಮಿ ಆಯ್ತು."

ಅಷ್ಟೇ ಸಾಕಿತ್ತು. ಕಮ್ಮಿಯಾದದ್ದು ಮಾತ್ರೆಯಿಂದಲ್ಲ, ಮುಖ್ಯವಾಗಿ ಬಿಸಿಲು ತಪ್ಪಿದ್ದರಿಂದ. ಅವಳನ್ನು ಕತ್ತಲೆಗೆ ಹಾಕಿದ ತಪ್ಪು ತಿಳುವಳಿಕೆಯೇ ಅವಳ ಚರ್ಮವನ್ನು ಕಾಯ್ದಿತ್ತು. ಆ ಚರ್ಮದ ಚೇತರಿಕೆಯೇ ಮತ್ತೆ ಆ ತಪ್ಪು ತಿಳುವಳಿಕೆಗೆ ಸಾಕ್ಷಿಯಾಗಿ ನಿಂತಿತ್ತು. ಇಂಥ ಗಂಟನ್ನು ನಾನು ಇಡೀ ಸರ್ವಿಸ್‌ನಲ್ಲಿ ಮತ್ತೆ ನೋಡಿಲ್ಲ. ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ, ರಕ್ತದಲ್ಲಿ ಎಲ್.ಇ. ಸೆಲ್ ಎಂಬ ಕಣಗಳನ್ನು ಹುಡುಕಿಸಿದೆ. ಲೂಪಸ್ ಪತ್ತೆಗೆ ಆಗ ನಮ್ಮ ಕೈಯಲ್ಲಿದ್ದದ್ದು ಅದೇ. ಎರಡೂ ನನ್ನ ಅನುಮಾನವನ್ನು ಗಟ್ಟಿ ಮಾಡಿದವು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ತುಸುವೇ ತುಸು ಕಾಣಿಸಿಕೊಂಡಿತ್ತು. ಕಿಡ್ನಿ ಸೋರಲು ಶುರುವಾಗಿದೆ ಎನ್ನುವುದರ ಸೂಚನೆ ಅದು.

ಫಲಿತಾಂಶ ಹೇಳಲು ಕರೆಸಿದ ದಿನ ಗೌರಮ್ಮನಿಗೆ ಮೊದಲೇ ಹೇಳಿದೆ: "ಇದು ಕುಷ್ಠ ಅಲ್ಲ."

ಅವಳು ಎದ್ದು ಹೊರಗೆ ಹೋದಳು. ನಾನು ಸಿಡುಕಿ "ಇರಿ, ಇನ್ನೂ ಹೇಳೋದಿದೆ" ಎಂದು ಹಿಂದೆಯೇ ಹೋದೆ. ರತ್ನ ಎರಡನೇ ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು, ವಿಶ್ವೇಶ್ವರಪುರಂ ಬೇಕರಿಯ ಸಿಹಿ ಬನ್ನು. ಗೌರಮ್ಮ ಮಗಳ ಕೈಯಿಂದ ಆ ಕಚ್ಚಿದ ಬನ್ನು ಕಿತ್ತುಕೊಂಡು, ಕಚ್ಚಿದ ಕಡೆಯಿಂದಲೇ ತಾನೂ ಕಚ್ಚಿ, ನಿಂತಲ್ಲೇ ಅಗಿದು ನುಂಗಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ರತ್ನ "ಅಯ್ಯೋ, ಎಂಜಲು ಕಣಮ್ಮ" ಎಂದಳು. "ಸುಮ್ನಿರೇ" ಎಂದು ತಾಯಿ ಇನ್ನೊಂದು ತುತ್ತು ಕಚ್ಚಿದಳು.

ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಮುಂದೆ ಆದದ್ದು ಏನೇ ಇರಲಿ, ಅವತ್ತು ಹೇಳಿದ್ದರಲ್ಲಿ ನನ್ನ ತಪ್ಪೇನೂ ಇರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿಸಿಲಿಗೆ ಹೋಗಬಾರದು ಎಂದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಜೊತೆಗೆ ಕ್ಲೋರೋಕ್ವಿನ್. ಸ್ಟೀರಾಯ್ಡನ್ನು ಒಂದು ದಿನವೂ ತಪ್ಪಿಸಬಾರದು, ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ ಎಂದೆ. "ಮಾತ್ರೆಯಿಂದ ಮುಖ ಗುಂಡಗಾಗುತ್ತೆ, ಹೆದರಬೇಡಿ" ಎಂದೂ ಹೇಳಿದೆ. ಗೌರಮ್ಮ ಎಲ್ಲದಕ್ಕೂ ಹೂಂ ಹೂಂ ಎಂದಳು. ಕೊನೆಗೆ ಕೇಳಿದಳು.

"ಇದಕ್ಕೆ ನಮ್ ಕಡೆ ಏನಂತಾರೆ?"

"ಹೆಸರಿಲ್ಲ. ಲೂಪಸ್ ಅಂತಲೇ ಹೇಳೋದು."

"ಲೂಪಸ್ಸು" ಎಂದು ಒಂದು ಸಲ ಬಾಯಲ್ಲಿ ಆಡಿಸಿ ನೋಡಿದಳು. ಅವಳ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ, ಅಜ್ಜಿಯ ಕಾಲದಿಂದ ಒಂದು ಹೆಸರೂ ಇಲ್ಲದ ಕಾಯಿಲೆ ಎಷ್ಟು ದೊಡ್ಡದಿದ್ದೀತು ಎನ್ನುವ ನೆಮ್ಮದಿ. ದೊಡ್ಡರೋಗದ ಹೆಸರಿಗೆ ಹೆದರಿ ಮಗಳನ್ನು ಕತ್ತಲೆಗೆ ಹಾಕಿದ್ದ ಮನಸ್ಸಿಗೆ ಈ ಹೊಸ ಹೆಸರಿನಲ್ಲಿ ಹೆದರಿಕೆಯೇ ಹುಟ್ಟಲಿಲ್ಲ.

ಅದೇ ದಿನ ರತ್ನಳ ಫೋಟೋ ತೆಗೆಸಿದೆ. ಪಾಠಕ್ಕೆ ಬೇಕಿತ್ತು. ಯಾಕೆ ಎಂದು ಕೇಳಿದಳು. ಮೇಜಿನ ಮೇಲಿದ್ದ ಇಂಗ್ಲೆಂಡಿನ ಪುಸ್ತಕ ತೆಗೆದು ಆ ಬಿಳಿ ಹೆಂಗಸಿನ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿದಳು.

"ಈಯಮ್ಮಂಗೂ ನಂಗೂ ಒಂದೇ ಕಾಯ್ಲೆನಾ ಮೇಡಂ?"

"ಒಂದೇ."

"ಅದೆಂಗೆ? ಈಯಮ್ಮ ಟೊಮೇಟೊ ಥರ ಅವ್ರೆ. ನಾನು ಬದ್ನೇಕಾಯಿ!"

ನಾನು ಜೋರಾಗಿ ನಕ್ಕುಬಿಟ್ಟೆ. ಅವಳೂ ನಕ್ಕಳು. "ಅದಕ್ಕೇ ಕಣೇ ಫೋಟೋ" ಎಂದೆ. "ನಮ್ಮ ಹುಡುಗರು ಟೊಮೇಟೊ ಒಂದೇ ನೋಡಿದಾರೆ. ಬದನೆಕಾಯಿ ಬಂದ್ರೆ ಗುರುತು ಸಿಗಲ್ಲ ಅವರಿಗೆ."

"ಅಂಗಾರೆ ನನ್ ಫೋಟೋನೂ ಪುಸ್ತಕದಲ್ ಹಾಕ್ತೀರಾ?"

"ಹಾಕ್ಬೇಕು" ಎಂದೆ.

ತಕ್ಷಣ ಅಮ್ಮನ ಮುಡಿಯಿಂದ ಮೊಳಕ್ಕಿಂತ ಚಿಕ್ಕ ಮಲ್ಲಿಗೆ ತುಂಡು ಕಿತ್ತು ತನ್ನ ತಲೆಗೆ ಸಿಕ್ಕಿಸಿಕೊಂಡಳು, ಕೂದಲು ತೀಡಿಕೊಂಡಳು. ಆಸ್ಪತ್ರೆಯ ಫೋಟೋಗ್ರಾಫರ್ ನಗಬಾರದು ಎನ್ನುವಷ್ಟರಲ್ಲಿ ಮೊದಲನೆಯದಕ್ಕೆ ನಕ್ಕೇಬಿಟ್ಟಿದ್ದಳು. ಎರಡನೆಯದಕ್ಕೆ ಗಂಭೀರವಾಗಿ ನಿಂತಳು. ಎರಡೂ ಪರದೆಯ ಮೇಲೆ ಬೆಳಕು ಹಾಯಿಸಿ ತೋರಿಸುವ ಬಣ್ಣದ ಸ್ಲೈಡುಗಳು. ಮೊದಲನೆಯದನ್ನು ನೋಡಿದ ನಮ್ಮ ಮುಖ್ಯಸ್ಥರು "ಪೇಷಂಟು ನಗೋದುಂಟೇನ್ರೀ? ಇದೇನು ಗಂಡಿನ ಕಡೆಯವರಿಗೆ ತೋರಿಸೋ ಫೋಟೋನಾ?" ಎಂದು ಗೊಣಗಿದರು. ಅದನ್ನು ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡು ಗಂಭೀರದ್ದನ್ನು ಪಾಠದ ಪೆಟ್ಟಿಗೆಗೆ ಸೇರಿಸಿದೆ.

ಮೊದಲ ಮೂರು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಜ್ವರ ನಿಂತಿತು, ಬೆರಳು ಮಡಿಸಲು ಬಂತು, ಮೂತ್ರ ತಿಳಿಯಾಯಿತು. ಮಾತ್ರೆಯ ದೆಸೆಯಿಂದ ಚೂಪು ಗದ್ದ ಹೋಗಿ ಮುಖ ದುಂಡಗಾಯಿತು. ಬಿಸಿಲು ಕಾಣದೆ ಬಣ್ಣ ಒಂದು ಸುತ್ತು ತಿಳಿಯಾಯಿತು. ನಾನು ಇವನ್ನು ಔಷಧದ ಅಡ್ಡ ಪರಿಣಾಮ ಎಂದು ನೋಡುತ್ತಿದ್ದರೆ, ಚಾಮರಾಜಪೇಟೆಯ ಆ ಬೀದಿ ಬೇರೆಯೇ ನೋಡುತ್ತಿತ್ತು. ರತ್ನ ಮೈ ಕೈ ತುಂಬಿಕೊಂಡಿದ್ದಾಳೆ, ಮುಖಕ್ಕೆ ಕಳೆ ಬಂದಿದೆ, ಬೆಳ್ಳಗಾಗಿದ್ದಾಳೆ. ಸೊಪ್ಪು ಕೊಳ್ಳಲು ಬಂದವರೆಲ್ಲ ಗೌರಮ್ಮನಿಗೆ ಇದನ್ನೇ ಹೇಳುತ್ತಿದ್ದರಂತೆ. ಅದೇ ಹುಡುಗಿ ಕೆಲವೇ ತಿಂಗಳ ಹಿಂದೆ ಬಾಗಿಲ ಹಿಂದೆ ಕೂತಿದ್ದವಳು. ಆ ತಾಯಿಯ ಕಿವಿಗೆ ಆ ಮಾತು ಎಷ್ಟು ಹಿತವಾಗಿರಬೇಕು!

ಆಮೇಲೆ ಗಂಡಿನ ಕಡೆಯವರು ಬಂದರು. ವಿಶ್ವೇಶ್ವರಪುರಂನಲ್ಲಿ ಮನೆ, ಹುಡುಗ ತರಕಾರಿ ಮಂಡಿಯಲ್ಲಿ ಕೆಲಸ. ನೋಡಲು ಬರುವ ಮೊದಲು ಫೋಟೋ ಕೇಳಿದರು. ಗೌರಮ್ಮ ಮಗಳಿಗೆ ಜರಿ ಸೀರೆ ಉಡಿಸಿ ಸ್ಟುಡಿಯೋಗೆ ಕರೆದುಕೊಂಡು ಹೋದಳು. ಅಲ್ಲಿಯವರು ಪೆನ್ಸಿಲ್ಲು, ಕುಂಚ ಹಿಡಿದು ತಿದ್ದಿ, ಉಳಿದಿದ್ದ ಮಚ್ಚೆಗಳನ್ನೆಲ್ಲ ಅಳಿಸಿ, ಮುಖವನ್ನು ಇನ್ನೂ ಬೆಳ್ಳಗೆ ಮಾಡಿಕೊಟ್ಟರು. ಆ ಫೋಟೋವನ್ನು ನನಗೂ ತಂದು ತೋರಿಸಿದಳು. "ಎಂಗವ್ಳೆ ನೋಡಿ ಡಾಕ್ಟ್ರಮ್ಮ!" ಚೆನ್ನಾಗಿದ್ದಳು. ಯಾವ ಹುಡುಗಿಯಾದರೂ ಆಗಬಹುದಿತ್ತು, ಅಷ್ಟು ಚೆನ್ನಾಗಿದ್ದಳು.

"ಮದುವೆ ಮಾಡಿ, ಬೇಡ ಅನ್ನಲ್ಲ. ಆದರೆ ಅವರಿಗೆ ಕಾಯಿಲೆ ವಿಷಯ ಹೇಳಿ" ಎಂದೆ. "ಮಾತ್ರೆ ಮಾತ್ರ ನಿಲ್ಲಬಾರದು."

"ಹೇಳ್ತೀನಿ ಹೇಳ್ತೀನಿ" ಎಂದು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಅದಾದ ಮೇಲೆ ಬರುವುದು ನಿಂತಿತು. ಆಸ್ಪತ್ರೆಯ ಆ ಬೆಂಚಿನ ಮೇಲೆ ಯಾರಾದರೂ ನೋಡಿಬಿಟ್ಟರೆ ಎನ್ನುವ ಭಯ ಇರಬಹುದೆಂದು ಮೊದಲೇ ಊಹಿಸಿ, ಸಂಜೆ ಹೊತ್ತು ಬಸವನಗುಡಿಯ ಕ್ಲಿನಿಕ್ಕಿಗೆ ಬನ್ನಿ ಎಂದಿದ್ದೆ. ಆದರೆ ಗಂಡಿನ ಮನೆ ಅಲ್ಲೇ ಪಕ್ಕ, ನಡೆದರೆ ನಾಲ್ಕು ಬೀದಿ. ಅದು ನನಗೆ ಹೊಳೆದಿರಲಿಲ್ಲ, ಹೊಳೆದಿದ್ದರೂ ಅವರ ಮನೆಯನ್ನು ಎತ್ತಿ ಬೇರೆ ಕಡೆ ಇಡಲಾಗುತ್ತಿರಲಿಲ್ಲ. ಎರಡು ಸಲ ಅಟೆಂಡರ್ ಕೈಯಲ್ಲಿ ಹೇಳಿಕಳಿಸಿದೆ. "ಚೆನ್ನಾಗವ್ಳೆ, ಬರ್ತೀವಿ ಅಂತ ಹೇಳಿ" ಎಂಬ ಉತ್ತರ ಬಂತು.

ನವೆಂಬರಿನಲ್ಲಿ ಒಂದು ದಿನ ತಾಯಿ ಮಗಳು ಇಬ್ಬರೂ ಓಪಿಡಿಗೆ ಬಂದರು. ಈ ಸಲ ಮೊದಲ ಬೆಂಚಿನಲ್ಲಿ ಕೂತಿದ್ದರು. ಗೌರಮ್ಮನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅರಿಶಿನ ಹಚ್ಚಿದ ಲಗ್ನಪತ್ರಿಕೆ.

"ನೀವೇ ಬಂದು ಅಕ್ಷತೆ ಹಾಕ್ಬೇಕು ಡಾಕ್ಟ್ರಮ್ಮ. ನೀವಿಲ್ದಿದ್ರೆ ಈ ಮದ್ವೆ ಎಲ್ಲಿತ್ತು?"

ನಾನು ಪತ್ರಿಕೆ ತೆಗೆದುಕೊಳ್ಳಲಿಲ್ಲ. ರತ್ನಳನ್ನೇ ನೋಡುತ್ತಿದ್ದೆ. ಮುಖ ಮೊದಲಿಗಿಂತ ದುಂಡಗಿತ್ತು, ಬಣ್ಣ ಮೊದಲಿಗಿಂತ ತೆಳುವಾಗಿತ್ತು. ಮೇಣದ ಹಾಗೆ ಒಂದು ತೆಳು. ಕಣ್ಣಿನ ರೆಪ್ಪೆಗಳು ಭಾರವಾಗಿದ್ದವು. ಕೈಬಳೆ ಮಾಂಸದಲ್ಲಿ ಒತ್ತಿ ಕೂತಿತ್ತು. "ಕೂತ್ಕೋ, ಸೀರೆ ಸ್ವಲ್ಪ ಮೇಲೆತ್ತು" ಎಂದು ಅವಳ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದೆ. ಒತ್ತಿ ಬಿಟ್ಟೆ. ಅಲ್ಲೊಂದು ಗುಂಡಿ ಬಿತ್ತು. ಮೇಲೇಳಲಿಲ್ಲ. ಮೂವರೂ ಆ ಗುಂಡಿಯನ್ನೇ ನೋಡುತ್ತ ಕೂತೆವು.

"ಇದು ಮೈ ತುಂಬಿರೋದಲ್ಲ ಗೌರಮ್ಮ. ನೀರು ತುಂಬಿರೋದು. ಕಿಡ್ನಿ ಸೋರ್ತಿದೆ. ಮಾತ್ರೆ ಯಾವತ್ತು ನಿಲ್ಲಿಸಿದ್ರಿ?"

ತಟ್ಟೆ ಅವಳ ಮಡಿಲಲ್ಲಿ ಓರೆಯಾಯಿತು. "ದಪ್ಪ ಆಗವ್ಳೆ ಅಂತ ಖುಷಿ ಪಟ್ವಲ್ಲಮ್ಮ… ನೀವೇ ಅಂದಿದ್ರಲ್ಲ, ಮುಖ ಗುಂಡಗಾಗ್ತದೆ, ಹೆದರ್ಬೇಡಿ ಅಂತ…"

ಹೌದು, ಅಂದಿದ್ದೆ. ಮಾತ್ರೆ ತಿನ್ನುವಾಗ ಬರುವ ದುಂಡು ಅದು. ಇದು ಮಾತ್ರೆ ಬಿಟ್ಟ ಮೇಲೆ ರೋಗ ತಂದ ದುಂಡು. ನೋಡುವವರ ಕಣ್ಣಿಗೆ ಎರಡೂ ಒಂದೇ. ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಹುಡುಗಿಯನ್ನು ಬೆಳ್ಳಗಾಗಿದ್ದಾಳೆ ಎಂದು ಇಡೀ ಬೀದಿ ಹೊಗಳಿತ್ತು, ಗಂಡಿನ ತಾಯಿ ಗದ್ದ ಹಿಡಿದು ಮೆಚ್ಚಿ ಹೋಗಿದ್ದಳು. ನಮ್ಮ ಜನಕ್ಕೆ ಹೆಣ್ಣಿನಲ್ಲಿ ಬೇಕಾದ ಎರಡು ಲಕ್ಷಣ, ತುಂಬಿದ ಕೆನ್ನೆ ಮತ್ತು ಬಿಳಿ ಬಣ್ಣ. ಆ ಎರಡನ್ನೂ ಅವಳಿಗೆ ಕೊಟ್ಟದ್ದು ಅವಳನ್ನು ಕೊಲ್ಲುತ್ತಿದ್ದ ಕಾಯಿಲೆ.

ಅವತ್ತೇ ಅಡ್ಮಿಟ್ ಮಾಡಿಸಿದೆ. ಮೆಡಿಸಿನ್ ವಿಭಾಗದವರು ದೊಡ್ಡ ಪ್ರಮಾಣದಲ್ಲಿ ಸ್ಟೀರಾಯ್ಡ್ ಶುರುಮಾಡಿದರು. ಅವರು ಮುತುವರ್ಜಿಯಿಂದ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಡಯಾಲಿಸಿಸ್ ಯಂತ್ರ ಆಗ ನಮ್ಮಲ್ಲಿರಲಿಲ್ಲ. ಹೊಟ್ಟೆಗೆ ನಳಿಕೆ ಇಳಿಸಿ ದ್ರವ ಹರಿಸಿ ತೆಗೆಯುವ ಬಗೆಯನ್ನೂ ಮಾಡಿ ನೋಡಿದರು. ದಿನಾ ಓಪಿಡಿ ಮುಗಿಸಿ ವಾರ್ಡಿಗೆ ಹೋಗುತ್ತಿದ್ದೆ. ಗೌರಮ್ಮ ಮಂಚದ ಕೆಳಗೆ ಕೂತಿರುತ್ತಿದ್ದಳು, ನನ್ನ ಕಂಡರೆ ತಲೆ ತಗ್ಗಿಸುತ್ತಿದ್ದಳು, ಬೈಗುಳ ಕಾಯುತ್ತಿದ್ದವಳ ಹಾಗೆ.

ಒಂದು ಮಧ್ಯಾಹ್ನ ತಾಯಿ ನೀರು ತರಲು ಹೋದಾಗ ರತ್ನ ನನ್ನ ಕೈ ಹಿಡಿದಳು. ಮಾತಾಡಿದರೆ ಏದುಸಿರು ಬರುತ್ತಿತ್ತು.

"ಮಾತ್ರೆ ಬಿಟ್ಟಿದ್ದು ನಾನೇ ಮೇಡಂ. ಅತ್ತೆ ಆಗೋರು ಹೇಳ್ದೆ ಕೇಳ್ದೆ ಬಂದ್ಬಿಡೋರು. ಅವ್ರ ಮುಂದೆ ನುಂಗೋದೆಂಗೆ? ಅಮ್ಮಂಗೆ ಬೈಬೇಡಿ."

ನಿಜ ಹೇಳಿದಳೋ, ತಾಯಿಯನ್ನು ಕಾಪಾಡಲು ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. "ಯಾರಿಗೂ ಬೈಯಲ್ಲ ಕಣೇ" ಎಂದೆ. ಬೈಯಲೂ ಇಲ್ಲ. ಯಾರಿಗೆ ಬೈಯಲಿ? ಬಾಗಿಲಾಚೆಯಿಂದ ತಟ್ಟೆ ಸರಿಸುತ್ತಿದ್ದ ತಾಯಿಗೆ ಮಗಳ ಕೊರಳಿಗೆ ತಾಳಿ ಬೀಳುವುದನ್ನು ನೋಡುವ ಆಸೆ ಹುಟ್ಟಿದ್ದು ತಪ್ಪೇ?

"ಪುಸ್ತಕದಲ್ಲಿ ಹಾಕಿದ್ರಾ?" ಎಂದು ಕೇಳಿದಳು. ಇನ್ನೂ ಇಲ್ಲ, ಪಾಠದಲ್ಲಿ ದಿನಾ ತೋರಿಸುತ್ತೀನಿ ಎಂದೆ. "ಹುಡುಗ್ರು ಏನಂತಾರೆ?" "ಬದನೆಕಾಯಿ ಚೆನ್ನಾಗಿದೆ ಅಂತಾರೆ" ಎಂದೆ. ಊದಿದ ಮುಖದಲ್ಲಿ ಒಂದು ನಗು ಬಂದು ಹೋಯಿತು.

ಸ್ವಲ್ಪ ದಿನಕ್ಕೆ ಸೋಂಕು ಶ್ವಾಸಕೋಶಕ್ಕೆ ಹಿಡಿಯಿತು. ಮದುವೆಗೆ ಗೊತ್ತುಮಾಡಿದ್ದ ವಾರದಲ್ಲೇ ರತ್ನ ಹೋದಳು. ಗಂಡಿನ ಕಡೆಯವರು ಅಡ್ಮಿಟ್ ಆದ ಸುದ್ದಿ ತಿಳಿದಾಗಲೇ ಆ ಸ್ಟುಡಿಯೋ ಫೋಟೋವನ್ನು ವಾಪಸ್ಸು ಕಳಿಸಿದ್ದರು. ಗೌರಮ್ಮನ ಮನೆಯಲ್ಲಿ ಅದಕ್ಕೇ ಚೌಕಟ್ಟು ಹಾಕಿಸಿ, ಹಾರ ಹಾಕಿ ಮುಂದೆ ದೀಪ ಇಟ್ಟಿದ್ದರು. ನಾನು ಹೋದಾಗ ಕೋಣೆಯಲ್ಲಿ ಜನ ತುಂಬಿದ್ದರು. ಎಂಥ ಕಳೆ ಇತ್ತು ಮಗೂಗೆ ಎಂದು ಒಬ್ಬಳು ಆ ಫೋಟೋ ನೋಡಿ ಅಳುತ್ತಿದ್ದಳು. ನನಗೆ ಅಲ್ಲಿ ನಿಲ್ಲಲಾಗದೆ ಬಂದುಬಿಟ್ಟೆ.

ಆಮೇಲಿನ ವರ್ಷಗಳಲ್ಲಿ ಲೂಪಸ್ ಬಗ್ಗೆ ಬಹಳಷ್ಟು ತಿಳಿಯಿತು. ಆಫ್ರಿಕಾ ಮೂಲದವರಲ್ಲಿ, ನಮ್ಮಂಥ ಏಷ್ಯಾದವರಲ್ಲಿ ಅದು ಬಿಳಿಯರಿಗಿಂತ ಹೆಚ್ಚಾಗಿ ಬರುತ್ತದೆ, ಚಿಕ್ಕ ವಯಸ್ಸಿಗೇ ಬರುತ್ತದೆ, ಕಿಡ್ನಿಯನ್ನು ಹೆಚ್ಚು ಹಿಡಿಯುತ್ತದೆ ಎಂದು ಈಗ ಪುಸ್ತಕಗಳೇ ಹೇಳುತ್ತವೆ. ಇದರಲ್ಲಿ ರಕ್ತದ ಪಾಲೆಷ್ಟು, ಬಡತನದ ಪಾಲೆಷ್ಟು, ಗುರುತು ಸಿಗದೆ ಕಳೆದ ದಿನಗಳ ಪಾಲೆಷ್ಟು ಎನ್ನುವ ವಾದ ಮುಗಿದಿಲ್ಲ. ನಾನು ವಾದಕ್ಕೆ ಇಳಿಯುವವಳಲ್ಲ. ರತ್ನಳ ಗಂಭೀರದ ಸ್ಲೈಡನ್ನು ರಿಟೈರ್ ಆಗುವವರೆಗೂ ಪ್ರತಿ ಬ್ಯಾಚಿಗೂ ಹೆಸರು ಹೇಳದೆ ತೋರಿಸಿ ಏನು ಕಾಯಿಲೆ ಎಂದು ಕೇಳುತ್ತಿದ್ದೆ. ಬಂಗು ಅನ್ನುತ್ತಿದ್ದರು, ಕುಷ್ಠ ಅನ್ನುತ್ತಿದ್ದರು, ಪೌಷ್ಟಿಕಾಂಶದ ಕೊರತೆ ಅನ್ನುತ್ತಿದ್ದರು. ಅದು ಲೂಪಸ್ ಎಂದು ನಾನು ಹೇಳಿದರೆ "ಕೆಂಪೆಲ್ಲಿದೆ ಮೇಡಂ?" ಎಂದು ಯಾವನಾದರೂ ಒಬ್ಬ ಕೇಳೇ ಕೇಳುತ್ತಿದ್ದ. ಆಗ ನನ್ನ ಸಿಡುಕು ಕೆಲಸಕ್ಕೆ ಬರುತ್ತಿತ್ತು.

ಕೊನೆಯದಾಗಿ ಒಂದು ವಿಷಯ. ರತ್ನ ಹೋದ ಮುಂದಿನ ವರ್ಷ, ಒಂದು ಸಂಜೆ ಗೌರಮ್ಮ ಬಸವನಗುಡಿಯ ಕ್ಲಿನಿಕ್ಕಿಗೆ ಬಂದಳು. ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು. ಕೂರು ಎಂದರೂ ಕೂರಲಿಲ್ಲ.

"ಒಂದ್ ಕೇಳ್ತೀನಿ, ಬೈಬಾರ್ದು. ಗೋಡೆ ಮ್ಯಾಲೆ ಆ ಸ್ಟುಡಿಯೋ ಫೋಟೋಗೆ ದಿನಾ ಹೂ ಹಾಕ್ತೀನಿ ಡಾಕ್ಟ್ರಮ್ಮ. ಯಾರೋ ಬೇರೆಯೋರ ಮಗೀಗೆ ಹಾಕ್ದಂಗಾಗ್ತದೆ. ಅದು ನಮ್ ರತ್ನ ಅಲ್ಲ. ಆವತ್ತು ನೀವೊಂದು ತೆಗ್ಸಿದ್ರಲ್ಲ?"

"ಅದರಲ್ಲಿ ಮಚ್ಚೆಯೆಲ್ಲ ಹಾಗೇ ಇದೆ ಗೌರಮ್ಮ."

"ಇರ್ಲಿ ಬಿಡಿ. ನಾನು ಎತ್ತಾಡ್ಸಿದ್ದು ಆ ಮುಖಾನೇ."

ಡ್ರಾಯರಿನಲ್ಲಿದ್ದ ನಗುವ ಸ್ಲೈಡನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವನು ಅಭ್ಯಾಸಬಲದಿಂದ ಕುಂಚ ಕೈಗೆತ್ತಿಕೊಂಡು "ಕೆನ್ನೆ ಸ್ವಲ್ಪ ಸರಿ ಮಾಡ್ಲಾ ಮೇಡಂ?" ಎಂದ. "ಕೈ ಹಚ್ಚಿದ್ರೆ ನೋಡು!" ಎಂದು ಗದರಿದ ರಭಸಕ್ಕೆ ಪಾಪ, ಅವನು ಬೆಚ್ಚಿಬಿದ್ದ. ಗೌರಮ್ಮ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಕೆಳಗೆ ನಿಂತಳು. ಕೆನ್ನೆಯ ಕಪ್ಪಿನ ಮೇಲೆ, ಕಿವಿಯ ಬಳಿಯ ಬಿಳಿ ಮಚ್ಚೆಯ ಮೇಲೆ, ಒಂದೊಂದರ ಮೇಲೂ ಬೆರಳಾಡಿಸಿದಳು. ಈ ಮಚ್ಚೆಗೆ ಹೆದರಿ ಅವಳು ಮಗಳನ್ನು ಮುಟ್ಟದೆ ಎಷ್ಟೋ ತಿಂಗಳು ಕಳೆದಿದ್ದಳು.

"ಹೂಂ, ಇವ್ಳೇ" ಎಂದಳು. "ನನ್ ಹೂವ ಕಿತ್ಕೊಂಡು ಮುಡ್ಕೊಂಡಿದ್ಲು, ಕಳ್ಳಿ. ಎಂಗ್ ನಗ್ತಾವ್ಳೆ ನೋಡಿ."

ಒಬ್ಬರ ಮುಖವನ್ನು ಅದು ಇರುವ ಬಣ್ಣದಲ್ಲೇ ನೋಡುವುದು ಡಾಕ್ಟರರ ಮೊದಲ ಕೆಲಸ ಎಂದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಹಾಗೆ ನೋಡಿಸಿಕೊಳ್ಳುವ ಭಾಗ್ಯ ರತ್ನಳಿಗೆ ಕೊನೆಗೂ ಸಿಕ್ಕಿತು. ಬದುಕಿದ್ದಾಗ ಸಿಗಬೇಕಿತ್ತು, ಅಷ್ಟೇ.